ಗೊತ್ತಿಲ್ಲ ಎನ್ನಲು ಬಾರದ ಡಬ್ಬಿಗಳು

ದೇವನಹಳ್ಳಿ
ಸೋಮವಾರ, ೧೨ ಅಕ್ಟೋಬರ್ ೧೯೯೮

ಪ್ರೀತಿಯ ಬಾವನಿಗೆ ಜ್ಯೋತಿ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಎಲ್ಲ ಕಾಗದಗಳಲ್ಲೂ ಹೀಗೆ ಕೇಳಿ, ಉತ್ತರಕ್ಕೂ ಕಾಯದೆ, ನಾವು ಇಲ್ಲಿ ಕ್ಷೇಮ ಎಂದು ಮುಂದಿನ ಸಾಲಿಗೆ ಹಾರುವುದು ವಾಡಿಕೆ. ಈ ಸಲ ನಾನು ಹಾರುವುದಿಲ್ಲ. ನಿಜವಾಗಿಯೂ ಕೇಳುತ್ತಿದ್ದೇನೆ, ಹೇಗಿದ್ದೀರಿ? ಬೋರು ಕೊರೆಯುವಾಗ ಏಳುವ ಕಲ್ಲುಧೂಳು ನಿಮ್ಮ ಎದೆಗೆ ಒಗ್ಗುವುದಿಲ್ಲ, ಇಲ್ಲೇ ವಿಜಯಪುರದ ಹತ್ತಿರ ಕೊರೆದು ಬಂದ ದಿನವೂ ಬೆಳಗಾಗುವ ತನಕ ಕೆಮ್ಮುತ್ತಿದ್ದಿರಿ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳುತ್ತಿದ್ದೀರಾ? ಆ ಜೋಧಪುರದ ಸೀಮೆಯಲ್ಲಿ ಮುದ್ದೆ ಸಿಗುವುದಿಲ್ಲ, ದಿನವೂ ಒಣ ರೊಟ್ಟಿ ತಿಂದು ಹೊಟ್ಟೆ ಕೆಟ್ಟಿದೆಯಾ? ಒಂದೊಂದಕ್ಕೂ ಉತ್ತರ ಬೇಕು. ಅತ್ತೆ ಚೆನ್ನಾಗಿದ್ದಾರೆ, ಇದನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ, ನಿನ್ನೆ ಸಂಜೆ ಅವರ ಪಕ್ಕದಲ್ಲೇ ಕೂತಿದ್ದೆ. ಸೀಮೆ ಹಸು ಕರು ಹಾಕಿದೆ, ಹೆಣ್ಣುಗರು, ಹಣೆಯ ಮೇಲೆ ಬಿಳಿ ನಾಮ. ನಾನೂ ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

ಈ ಕಾಗದ ನಿಮ್ಮ ಕೈಗೆ ಬಂದಾಗ ಇದು ನನ್ನ ಕೈಬರಹದ ಜೆರಾಕ್ಸ್ ಆಗಿರಬಹುದು. ಹೆಂಡತಿಯ ಕಾಗದಕ್ಕೂ ಜೆರಾಕ್ಸೇ ಎಂದು ಜೊತೆಯವರು ನಕ್ಕರೆ ನಗಲಿ. ಯಾಕೆ ಹೀಗೆ ಮಾಡಿದೆ ಎಂದು ಹೇಳಲು ನಾನು ಸ್ವಲ್ಪ ಸುತ್ತಿ ಬಳಸಿ ಬರಬೇಕು. ಇನ್ನೊಂದು ಮಾತು. ಹಸೆಮಣೆಯಿಂದ ಇಳಿದ ದಿನವೇ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, 'ಇನ್ಮ್ಯಾಕೆ ಬಾವನ್ನ ನೀನು ತಾನು ಅನ್ಬ್ಯಾಡ ಕಣವ್ವ, ನೀವು ಅನ್ನು' ಎಂದಿದ್ದರು. ಚಿಕ್ಕಂದಿನಿಂದ ಗೋಲಿ ಆಡಿ ಜುಟ್ಟು ಹಿಡಿದು ಜಗಳ ಆಡಿದ ಸೋದರಮಾವನ ಮಗನಿಗೆ ನೀವು ಎನ್ನುವುದು ಎಷ್ಟು ಕಷ್ಟವಾಗಿತ್ತು! ಈಗಲೂ ಸಿಟ್ಟು ಬಂದಾಗ ಹಳೆಯ ನೀನು ಬಾಯಿಗೆ ಬಂದುಬಿಡುತ್ತದೆ, ನಿಮಗೇ ಗೊತ್ತು. ಈ ಕಾಗದ ಮುಗಿಯುವ ತನಕ ನೀವು ಎಂದೇ ಬರೆಯಲು ಪ್ರಯತ್ನಿಸುತ್ತೇನೆ.

ಕೆಲಸದ ಸುದ್ದಿಯಿಂದ ಶುರು ಮಾಡುತ್ತೇನೆ. ಸಂಕ್ರಾಂತಿ ಕಳೆದು ನೀವು ಬೋರು ಕೊರೆಯುವ ರಿಗ್ ಲಾರಿ ಹತ್ತಿದಾಗ ನಾನು ದೊಡ್ಡಬಳ್ಳಾಪುರದ ಮೀಟರ್ ಕಂಪನಿಯಲ್ಲಿ ಬೆಸುಗೆ ಹಾಕಿದ ಬೋರ್ಡುಗಳನ್ನು ಪರೀಕ್ಷೆ ಮಾಡಿಕೊಂಡಿದ್ದೆನಲ್ಲ, ಈಗ ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಮ್ ಬರೆಯುತ್ತೇನೆ. ಡಿಪ್ಲೊಮಾದಲ್ಲಿ ಕಲಿತ ಸಿ ಭಾಷೆ ಅಂತೂ ಅನ್ನಕ್ಕೆ ಬಂತು. ನಮ್ಮ ಇಂಜಿನಿಯರ್ ಸುನಿಲ್‌ಕುಮಾರ್ ಮಳೆಗಾಲಕ್ಕೆ ಮುಂಚೆ ಒಂದು ಹೊಸ ಯೋಜನೆ ಹಿಡಿದುಕೊಂಡು ಬಂದರು. ದ್ರಾಕ್ಷಿ ತೋಟದ ಚಪ್ಪರದ ಕಲ್ಲುಕಂಬಗಳಿಗೆ ಅಲ್ಲಲ್ಲಿ ಚಿಕ್ಕ ಡಬ್ಬಿಗಳನ್ನು ಕಟ್ಟುವುದು. ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು, ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಡಬ್ಬಿ ಅಳೆಯುತ್ತದೆ, ಅಳೆದದ್ದನ್ನು ತಂತಿಯಿಲ್ಲದೆ, ರೇಡಿಯೋದಲ್ಲಿ, ಮೋಟಾರ್ ಮನೆಯ ಕಂಪ್ಯೂಟರಿಗೆ ಕಳಿಸುತ್ತದೆ. ಎಲೆ ಬಹಳ ಹೊತ್ತು ಒದ್ದೆಯಿದ್ದರೆ ಬೂಜು ರೋಗ ಹತ್ತುವ ಮೊದಲೇ ಔಷಧಿ ಹೊಡೆಯಬಹುದು, ಒಣಗಿದ್ದರೆ ಸುಮ್ಮನಿರಬಹುದು. ಇದಕ್ಕೆ ನಮ್ಮೂರ ಹತ್ತಿರದ, ಚನ್ನರಾಯಪಟ್ಟಣದ ದಾರಿಯ ದೊಡ್ಡಮುನಿಯಪ್ಪನವರ ತೋಟವನ್ನು ಒಪ್ಪಿಸಿದ್ದು ನಾನೇ. ಕಂಪನಿ ಜೀಪಿನಲ್ಲಿ ವಾರಕ್ಕೊಮ್ಮೆ ಬಂದು ಅತ್ತೆಯ ಕೈಯ ಮುದ್ದೆ ಉಂಡು ಹೋಗಬಹುದಲ್ಲ.

ಡಬ್ಬಿಗೆ ಶಕ್ತಿ ಕಡಿಮೆ, ಒಳಗಿರುವುದು ಟಾರ್ಚಿಗೆ ಹಾಕುವಂಥ ಸೆಲ್ಲು. ಅದರ ದನಿ ತೋಟದ ಆ ತುದಿಯಿಂದ ಮೋಟಾರ್ ಮನೆಯ ತನಕ ಮುಟ್ಟುವುದಿಲ್ಲ, ಪಕ್ಕದ ಡಬ್ಬಿಗೆ ಮಾತ್ರ ಮುಟ್ಟುತ್ತದೆ. ಬಾವಿ ತೋಡುವಾಗ ಮಣ್ಣಿನ ಮಂಕರಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಸುದ್ದಿಯನ್ನು ದಾಟಿಸಬೇಕು. ಯಾರು ಯಾರ ಕೈಗೆ ಕೊಡಬೇಕು ಎನ್ನುವುದನ್ನು ಡಬ್ಬಿಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಗೊತ್ತು ಮಾಡಿಕೊಳ್ಳಬೇಕು. ಆ ಮಾತುಕತೆಯ ಕಟ್ಟಳೆಯನ್ನು ಬರೆಯುವುದು ನನ್ನ ಪಾಲಿಗೆ ಬಂತು. ನಾನು ಬರೆದದ್ದು ಬಹಳ ಸರಳ. ಮೋಟಾರ್ ಮನೆ 'ನಾನು ಸೊನ್ನೆ' ಎನ್ನುತ್ತದೆ. ಅದು ಕೇಳಿಸಿದ ಡಬ್ಬಿ 'ಮನೆಗೆ ನಾನು ಒಂದು ಹೆಜ್ಜೆ' ಎನ್ನುತ್ತದೆ, ಅದನ್ನು ಕೇಳಿದ್ದು 'ನಾನು ಎರಡು' ಎನ್ನುತ್ತದೆ. ಪ್ರತಿಯೊಂದೂ ಅಕ್ಕಪಕ್ಕದವರ ಮಾತು ಕೇಳಿ, ಎಲ್ಲರಿಗಿಂತ ಹತ್ತಿರ ಎನ್ನುವವರ ಲೆಕ್ಕಕ್ಕೆ ಒಂದು ಸೇರಿಸಿ, ಅದನ್ನೇ ತನ್ನ ಲೆಕ್ಕವೆಂದು ಸಾರುತ್ತದೆ. ದಾರಿ ಗೊತ್ತಿದ್ದರೆ ಡಬ್ಬಿಯ ಮೇಲೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ದೊಡ್ಡಮುನಿಯಪ್ಪನವರಂತೂ ಬಂದವರಿಗೆಲ್ಲ ಚಪ್ಪರ ತೋರಿಸಿ, 'ಮಿಣುಕುಹುಳ ಸಾಕ್ಬುಟ್ಟವ್ಳೆ ಕಣ್ಲಾ ನಮ್ಮ ಕಾಂತರಾಜನ ಎಂಡ್ರು' ಎನ್ನುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು.

ಮೊನ್ನೆ ಆಯುಧಪೂಜೆಯ ದಿನ ಅವರು ಟ್ರ್ಯಾಕ್ಟರ್ ತೊಳೆದರು, ಪಂಪ್‌ಸೆಟ್ ತೊಳೆದರು, ಔಷಧಿ ಹೊಡೆಯುವ ಮಿಷನ್ನು ತೊಳೆದರು. ಇಷ್ಟೆಲ್ಲ ತೊಳೆದ ಮೇಲೆ ಈ ಡಬ್ಬಿಗಳು ಏನು ಪಾಪ ಮಾಡಿದ್ದಾವು ಎನಿಸಿತಂತೆ. ಪೈಪು ಹಿಡಿದು, ಮೋಟಾರ್ ಮನೆಯ ಎದುರಿನ ಕಂಬದ ಡಬ್ಬಿಗೆ ಸಾಂಗವಾಗಿ ಅಭಿಷೇಕ ಮಾಡಿ, ವಿಭೂತಿ ಬಳಿದು, ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿದರು. ಉಳಿದವುಗಳ ತನಕ ಪೈಪು ಮುಟ್ಟಲಿಲ್ಲವೆಂದು ಹೂವಷ್ಟೇ ಏರಿಸಿದರು, ಅದು ನನ್ನ ಪುಣ್ಯ. ಆ ಒಂದು ಡಬ್ಬಿಯ ಹೊಟ್ಟೆಗೆ ನೀರು ಹೋಗಿ ಅದು ಸತ್ತಿತು. ಮನೆಗೆ ಎಲ್ಲರಿಗಿಂತ ಹತ್ತಿರ ಇದ್ದದ್ದು ಅದೇ, ಇಡೀ ತೋಟದ ಸುದ್ದಿ ಅದರ ಕೈ ದಾಟಿಯೇ ಮನೆ ಸೇರಬೇಕಿತ್ತು.

ಸತ್ತರೆ ಸತ್ತಿತು, ಉಳಿದವು 'ದಾರಿ ಹೋಯಿತು' ಎಂದು ಕೆಂಪು ದೀಪ ಹಾಕಬೇಕಿತ್ತು ತಾನೇ? ಹಾಕಲಿಲ್ಲ. ಸತ್ತದ್ದರ ಪಕ್ಕದ ಡಬ್ಬಿ ತನ್ನ ಆಚೆಯ ನೆರೆಯವನನ್ನು ಕೇಳಿತು. ಆ ನೆರೆಯವನು 'ನನಗೆ ದಾರಿ ಗೊತ್ತು, ಮೂರು ಹೆಜ್ಜೆ' ಎಂದ. ಅವನಿಗೆ ಗೊತ್ತಿದ್ದ ದಾರಿ ಇವನ ಮೂಲಕವೇ ಹೋಗುವಂಥದ್ದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇವನು ಒಂದು ಸೇರಿಸಿ ನಾಲ್ಕು ಎಂದ. ಅದನ್ನು ಕೇಳಿ ಅವನು ಐದು ಎಂದ. ಅದನ್ನು ಕೇಳಿ ಇವನು ಆರು. ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರು ನಂಬಿಕೊಂಡು, ಸುದ್ದಿಯನ್ನು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹಾಕಿಕೊಂಡು ಕೂತರು. ತೋಟದ ತುಂಬ ಹಸಿರು ದೀಪ. ಮೋಟಾರ್ ಮನೆಯ ಕಂಪ್ಯೂಟರಿಗೆ ಹೊಸ ಸುದ್ದಿ ಬರಲಿಲ್ಲ, ಅದು ಹಬ್ಬದ ಹಿಂದಿನ ಬಿಸಿಲಿನ ಸುದ್ದಿಯನ್ನೇ ಪರದೆಯ ಮೇಲೆ ತೋರಿಸುತ್ತಿತ್ತು. ಹಬ್ಬ ಮುಗಿದ ಮೇಲೆ ಜಡಿಮಳೆ ಹಿಡಿಯಿತು. ದೊಡ್ಡಮುನಿಯಪ್ಪನವರು ಪರದೆ ನೋಡಿಕೊಂಡು ಔಷಧಿ ಹೊಡೆಯದೆ ಇದ್ದರು. ನಾನು ಹೋಗುವ ಹೊತ್ತಿಗೆ ಕೆರೆಯ ಕಡೆಯ ಸಾಲುಗಳಲ್ಲಿ ಎಲೆಯ ಅಡಿಗೆಲ್ಲ ಬಿಳಿ ಬೂಜು ಕಟ್ಟಿ, ಗೊಂಚಲುಗಳು ಕಂದಿ ಉದುರುತ್ತಿದ್ದವು. 'ಒಣಗೈತೆ, ಒಣಗೈತೆ ಅಂತ ತೋರಿಸ್ತಾನೇ ಇತ್ತಲ್ಲವ್ವಾ, ಅದರ ಮಾತು ನಂಬ್ಕಂಡು ನಾನು ನೆಮ್ಮದಿಯಾಗಿ ಮನಿಕ್ಕಂಡೆ' ಎಂದರು. ಬೈದಿದ್ದರೆ ವಾಸಿಯಿತ್ತು.

ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ದೂರದ ಲೆಕ್ಕ ಇಡಲು ಪ್ರೋಗ್ರಾಮಿನಲ್ಲಿ ನಾನು ಕೊಟ್ಟಿದ್ದ ಜಾಗ ಒಂದೇ ಬೈಟು. ಅದರಲ್ಲಿ ಇನ್ನೂರೈವತ್ತೈದರ ತನಕ ಹಿಡಿಸುತ್ತದೆ, ಮೇಲೊಂದು ಸೇರಿಸಿದರೆ ಮತ್ತೆ ಸೊನ್ನೆ. ನಿಮ್ಮ ಹಳೇ ಲಾರಿಯ ಮೈಲು ಮೀಟರು ತುಂಬಿ, ಆಗತಾನೇ ಷೋರೂಮಿನಿಂದ ಇಳಿದ ಹಾಗೆ ಬರೀ ಸೊನ್ನೆ ತೋರಿಸಿತ್ತಲ್ಲ, ಹಾಗೆ. ಡಬ್ಬಿಗಳ ಸುಳ್ಳು ಲೆಕ್ಕ ಏರಿ ಏರಿ, ಕೊನೆಗೆ ಎಲ್ಲರಿಗಿಂತ ಹೆಚ್ಚು ದಾರಿ ತಪ್ಪಿದ್ದ ಕೆರೆಯ ಕಡೆಯ ಡಬ್ಬಿಯೊಂದು 'ನಾನು ಸೊನ್ನೆ, ನಾನೇ ಮನೆ' ಎಂದು ಸಾರತೊಡಗಿತು. ಉಳಿದವೆಲ್ಲ ಸಂಭ್ರಮದಿಂದ ತಮ್ಮ ಸುದ್ದಿಯನ್ನು ತಂದು ಅದಕ್ಕೇ ಸುರಿದವು. ಸುನಿಲ್‌ಕುಮಾರ್ ನನ್ನ ಪ್ರೋಗ್ರಾಮ್ ಓದಿ ನೋಡಿ, 'ಏನ್ ಮೇಡಂ, ನಿಮ್ಮ ಡಬ್ಬಿಗಳಿಗೆ ಗೊತ್ತಿಲ್ಲ ಅನ್ನೋ ಮಾತೇ ಬರಲ್ವಾ?' ಎಂದು ನಕ್ಕರು. ನೋಡಿದರೆ ನಿಜ. ಎಷ್ಟು ದೊಡ್ಡ ಲೆಕ್ಕ ಬೇಕಾದರೂ ಹೇಳಲು ಜಾಗ ಇಟ್ಟಿದ್ದೆ, ಗೊತ್ತಿಲ್ಲ ಎನ್ನಲು ಮಾತ್ರ ಜಾಗ ಇಟ್ಟಿರಲಿಲ್ಲ. ಕೆಂಪು ದೀಪ ಹತ್ತಿಸುವ ಸಾಲಿತ್ತು, ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಬೆಳೆದವಳಿಗೆ ಅದು ಹೊಳೆಯುವುದಾದರೂ ಹೇಗೆ? ಪರವೂರಿಗೆ ಹೋದವರು ಹೇಗಿದ್ದಾರೆ ಎಂದು ಯಾರಾದರೂ ಕೇಳಿದಾಗ ಗೊತ್ತಿಲ್ಲ ಎಂದರೆ ಅಪಶಕುನ. 'ಚೆನ್ನಾಗವ್ರೆ' ಅನ್ನಬೇಕು, ಜೊತೆಗೆ ಒಂದು ಒಳ್ಳೆ ಮಾತನ್ನೂ ಸೇರಿಸಬೇಕು. ನಿಮ್ಮಮ್ಮ, ನನ್ನಮ್ಮ ಇಬ್ಬರೂ ಕಲಿಸಿದ್ದು ಅದನ್ನೇ.

ಈಗ ನಮ್ಮ ಸಂಗತಿಗೆ ಬರುತ್ತೇನೆ. ಮೊನ್ನೆ ಶನಿವಾರ ಬೆಳಿಗ್ಗೆ ನಾನು ತಲೆಗೆ ನೀರು ಹಾಕಿಕೊಂಡು ಬಾಗಿಲಲ್ಲಿ ಕೂದಲು ಒಣಗಿಸುತ್ತಿದ್ದೆ. ಊರಿನಿಂದ ದೇವನಹಳ್ಳಿಯ ಸಂತೆಗೆ ಬಂದಿದ್ದ ನರಸಮ್ಮ ಬೀದಿಯಲ್ಲೇ ನಿಂತು, 'ಅಯ್ಯೋ ಜ್ಯೋತಿ, ಇನ್ನೂ ಇಲ್ಲೇ ಕುಂತಿದ್ದೀಯಾ? ನಿನ್ ಗಂಡ ಬಂದವ್ನಂತಲ್ಲೇ! ಹೊಸಕೋಟೇಲಿ ಅಕ್ಕನ ಮನೇಲಿ ಇಳ್ಕಂಡವ್ನಂತೆ. ಹಾಲಿನ ಡೇರಿ ತಾವ ಎಲ್ರೂ ಅದೇ ಮಾತು' ಎಂದು ಕೂಗಿದಳು. ಬಾವ, ಆಮೇಲೆ ನಾನು ಏನು ಮಾಡಿದೆನೋ ನನಗೇ ನೆನಪಿಲ್ಲ. ನೀವು ತಂದುಕೊಟ್ಟ ನೀಲಿ ಸೀರೆ ಉಟ್ಟಿದ್ದೆ ಎಂದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು. ಕೂದಲು ಇನ್ನೂ ಒದ್ದೆ, ಅದಕ್ಕೇ ಮಲ್ಲಿಗೆ ಸಿಕ್ಕಿಸಿಕೊಂಡಿದ್ದೆ. ಬೂದಿಗೆರೆ ಮೇಲೆ ಹೋಗುವ ಆ ಬಸ್ಸು ನಿಂತು ನಿಂತು ಹೋಗುತ್ತದೆ, ಹತ್ತುವ ಪ್ರತಿಯೊಬ್ಬರ ಮೇಲೂ ನನಗೆ ಸಿಟ್ಟು. ನಿಮ್ಮನ್ನು ನೋಡಿದ ಕೂಡಲೇ ಏನೆಂದು ಬೈಯಬೇಕು ಎಂದು ದಾರಿಯುದ್ದಕ್ಕೂ ಹೊಸೆದುಕೊಂಡೆ. ಹೆಂಡತಿ ಮನೆಗೆ ಬರುವ ಮೊದಲು ಅಕ್ಕನ ಮನೆಗೆ ಹೋಗುತ್ತಾರಾ? ಹೊಸಕೋಟೆಯಲ್ಲಿ ಇಳಿದು ಓಡಿಕೊಂಡೇ ಹೋದೆ. ನಿಮ್ಮಕ್ಕ ಆದಿಲಕ್ಷ್ಮಮ್ಮ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಜರಿ ಸೀರೆ ಉಟ್ಟಿದ್ದರು, ಕೈಯಲ್ಲಿ ಊಟದ ಕ್ಯಾರಿಯರ್, ನಿಮಗಿಷ್ಟವೆಂದು ಹುರುಳಿಕಾಳಿನ ಬಸ್ಸಾರು ಮಾಡಿ ತುಂಬಿದ್ದರು. ನನ್ನನ್ನು ನೋಡಿ, 'ಇದೇನೇ, ನೀನ್ಯಾಕೆ ಬರಕ್ಕೋದೆ? ನಾನೇ ಹೊಲ್ಟಿದ್ದೆ. ಕಾಂತನ್ನ ಒಬ್ನೇ ಮನೇಲಿ ಬುಟ್ಬಂದ್ಯಾ?' ಎಂದರು.

ನಾನು 'ಇಲ್ಲಿಲ್ವಾ?' ಎಂದೆ. ಅವರು 'ಅಲ್ಲಿಲ್ವಾ?' ಎಂದರು. ಇಬ್ಬರೂ ಜಗಲಿಯ ಮೇಲೆ ಕೂತೆವು. ಆಮೇಲೆ ಗಂಟು ಬಿಚ್ಚುತ್ತಾ ಹೋದೆವು. ನಿಮ್ಮ ಮಾತನ್ನು ನಮ್ಮಲ್ಲಿ ಯಾರಾದರೂ ಕಿವಿಯಾರೆ ಕೇಳಿದ್ದು ಒಂದೇ ಸಲ, ಮುಂಗಾರಿಗೆ ಮುಂಚೆ, ಬಸ್ ಸ್ಟ್ಯಾಂಡಿನ ಬೂತಿಗೆ ಫೋನ್ ಮಾಡಿ, 'ಜೋಧಪುರ ದಾಟಿ ಹೋಗ್ತಾ ಇದೀವಿ, ಬಿಸಿಲು ಭಾಳ, ನಿನ್ ಮಾತು ಕೇಳಿಸ್ತಿಲ್ಲ' ಎಂದಿರಲ್ಲ, ಆಗ. ನಾನು ಅತ್ತೆಗೆ ಹೇಳಿದೆ, ಅತ್ತೆ ಅಕ್ಕನಿಗೆ ಹೇಳಿದರು. ಗೌರಿ ಹಬ್ಬದಲ್ಲಿ ಸಿಕ್ಕಾಗ ಅಕ್ಕ ನನಗೆ, 'ಕಾಂತ ಚೆನ್ನಾಗವ್ನಂತಲ್ಲೇ, ಮೈ ಕೈ ತುಂಬ್ಕಂಡವ್ನಂತೆ' ಎಂದರು. ಅವರ ಮನೆಯ ಪಕ್ಕದಲ್ಲೇ ಫೋನ್ ಬೂತಿದೆ, ಅಕ್ಕನಿಗೆ ಫೋನ್ ಮಾಡಲು ನಿಮಗೆ ಪುರುಸೊತ್ತಿದೆ, ನನಗೆ ಮಾಡಲು ಇಲ್ಲ ಎಂದುಕೊಂಡು ನನಗೆ ಮೈಯೆಲ್ಲ ಉರಿಯಿತು. ಆ ಮುನಿಸಿನಲ್ಲಿ ಯಾವಾಗ ಮಾಡಿದ್ದರು ಎಂದು ಕೇಳಲೂ ಇಲ್ಲ, 'ಹೂಂ, ಗೊತ್ತು' ಎಂದೆ. ಊರಿಗೆ ಹೋಗಿ ಅತ್ತೆಗೆ, ಹೊಸಕೋಟೆಗೆ ಫೋನ್ ಬಂದಿತ್ತಂತೆ ಎಂದೆ. ಅತ್ತೆ ಅಕ್ಕನಿಗೆ, ಜ್ಯೋತಿಗೆ ಫೋನ್ ಬತ್ತಾ ಐತಂತೆ ಎಂದರು. ಹೀಗೆ ಸುತ್ತಿದ ಸುದ್ದಿಗೆ ಪ್ರತಿ ಸುತ್ತಿನಲ್ಲೂ ಒಂದೊಂದು ಒಳ್ಳೆ ಮಾತು ಸೇರಿತು. ಮೈ ತುಂಬಿದೆಯಂತೆ ಎಂದದ್ದು, ಮೇಸ್ತ್ರಿ ಮಾಡಿದ್ದಾರಂತೆ ಎಂದಾಯಿತು. ದೀಪಾವಳಿಗೆ ಬರುತ್ತಾನಂತೆ, ರೈಲು ಹತ್ತಿದ್ದಾನಂತೆ. ಕೊನೆಗೆ, ಬಂದಿದ್ದಾನಂತೆ. ನಮ್ಮಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಒಂದು ಸೇರಿಸಿ ಮುಂದಕ್ಕೆ ದಾಟಿಸಿದ್ದೆವು ಅಷ್ಟೇ. ಲೆಕ್ಕ ತುಂಬಿ ಸೊನ್ನೆಗೆ ತಿರುಗಿತು, ನಾನು ಮಲ್ಲಿಗೆ ಮುಡಿದುಕೊಂಡು ಬಸ್ಸು ಹತ್ತಿದೆ.

ಆಗ ನನಗೆ ಹಿಡಿದ ಹೆದರಿಕೆ ಇನ್ನೂ ಬಿಟ್ಟಿಲ್ಲ. ದೊಡ್ಡಮುನಿಯಪ್ಪನವರ ಪರದೆ ಒಣಗಿದೆ, ಒಣಗಿದೆ ಎನ್ನುತ್ತಿದ್ದಾಗ ಅಲ್ಲಿ ಗೊಂಚಲು ಕೊಳೆಯುತ್ತಿತ್ತು. ನಾವು ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ ಎನ್ನುತ್ತಿದ್ದಾಗ ನಿಮಗೆ ಏನಾಗುತ್ತಿತ್ತು? ಜ್ವರ ಬಂದು ಯಾವುದಾದರೂ ಆಸ್ಪತ್ರೆಯಲ್ಲಿದ್ದಿರಾ? ಪೈಪು ಜಾರಿ ಮೇಲೆ ಬಿತ್ತಾ? ಅಕ್ಕನ ಪಕ್ಕದ ಬೂತಿನಿಂದಲೇ ರಿಗ್ ಮಾಲೀಕರ ಆಫೀಸಿಗೆ ಫೋನ್ ಮಾಡಿದೆವು. ಅಲ್ಲಿನ ಗುಮಾಸ್ತ ಎಷ್ಟು ನೆಮ್ಮದಿಯಿಂದ, 'ಆ ಲಾರಿ ಹುಡುಗ್ರೆಲ್ಲಾ ಚೆನ್ನಾಗಿದಾರಲ್ಲಮ್ಮಾ, ಹೊಸಕೋಟೆ ಆದಿಲಕ್ಷ್ಮಮ್ಮನೋರೇ ಹೇಳಿದ್ರಲ್ಲ' ಎಂದ ಗೊತ್ತೇ? ಅಕ್ಕ ನನ್ನ ಪಕ್ಕದಲ್ಲೇ ನಿಂತು ರಿಸೀವರಿಗೆ ಕಿವಿ ಕೊಟ್ಟಿದ್ದರು, ಸೆರಗು ಬಾಯಿಗೆ ಒತ್ತಿಕೊಂಡರು. ಗದರಿಸಿ ಕೇಳಿದ ಮೇಲೆ ಗೊತ್ತಾಯಿತು, ಮಳೆ ಶುರುವಾದಾಗಲೇ ನಿಮ್ಮ ಲಾರಿಯನ್ನು ಬೇರೊಬ್ಬ ಕಂಟ್ರ್ಯಾಕ್ಟರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಅವನು ಬಾರ್ಮೇರ್ ಕಡೆಯ ಹಳ್ಳಿಗಳಿಗೆ ಕರೆದುಕೊಂಡು ಹೋಗಿದ್ದಾನೆ, ಆಮೇಲೆ ಇವರಿಗೂ ಸುದ್ದಿಯಿಲ್ಲ. ನಿಮ್ಮ ಜೊತೆಯ ಸೇಲಂ ಹುಡುಗರ ಮನೆಯ ವಿಳಾಸ ಹುಡುಕಿಕೊಡುತ್ತೇನೆ ಎಂದ.

ನಿನ್ನೆ ಊರಿಗೆ ಹೋದೆ. ಅತ್ತೆ ಹಂಡೆಗೆ ಉರಿ ಹಾಕಿದ್ದರು, ನೀವು ಬಂದ ಕೂಡಲೇ ಸ್ನಾನಕ್ಕೆ ಬಿಸಿನೀರು ಇರಲಿ ಎಂದು. ನನ್ನ ಹಿಂದೆ ಬೀದಿಯ ಕಡೆ ನೋಡಿ, 'ಎಲ್ಲೇ ಅವ್ನು?' ಎಂದರು. ಬಾಯಿಗೆ ಎಷ್ಟೋ ಮಾತು ಬಂದವು, ನಾಳೆ ಬರುತ್ತಾರಂತೆ, ದಾರಿಯಲ್ಲಿದ್ದಾರಂತೆ. ಅವನ್ನೆಲ್ಲ ನುಂಗಿಕೊಂಡು, 'ಗೊತ್ತಿಲ್ಲ ಅತ್ತೆ' ಎಂದೆ. ಆ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡಿ, ಎದ್ದು ಕೊಟ್ಟಿಗೆಗೆ ಹೋದರು. ಕರುವನ್ನು ಬಿಟ್ಟು, ಹಾಲು ಕರೆದು, ಕರುವನ್ನು ಕಟ್ಟಿದರು. ಡೇರಿಗೆ ಹಾಲು ಹಾಕಲು ಹೋಗಲಿಲ್ಲ, ಅಲ್ಲಿ ಎಲ್ಲರೂ ಕೇಳುತ್ತಾರಲ್ಲ. ನಾನು ಅತ್ತುಬಿಡುತ್ತಾರೆ ಎಂದು ಕಾಯುತ್ತಿದ್ದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತು, 'ಅಂಗಾರೆ ಉಡುಕಾನ ನಡಿ. ಚೆಂದಾಗವ್ನೆ, ಚೆಂದಾಗವ್ನೆ ಅಂತ ಕುಂತಿದ್ರೆ ಯಾರು ಉಡುಕ್ತಾರೆ?' ಎಂದರು. ನೀವು ಸಿಕ್ಕರೆ ನಿಮ್ಮ ಕೈ ಹಿಡಿದುಕೊಂಡೇ ಶಿವಗಂಗೆ ಬೆಟ್ಟ ಹತ್ತುತ್ತೇನೆ ಎಂದು ಹರಸಿಕೊಂಡಿದ್ದಾರೆ. ಅವರ ಮಂಡಿ ಈಗ ಡೇರಿಯ ಮೆಟ್ಟಿಲಿಗೇ ಬಾಗುವುದಿಲ್ಲ.

ಇವತ್ತು ಆಫೀಸಿನಲ್ಲಿ ಪ್ರೋಗ್ರಾಮ್ ತಿದ್ದಿ ಬಂದೆ. ಈಗ ಡಬ್ಬಿಗಳು ಗೊತ್ತಿಲ್ಲ ಎನ್ನುತ್ತವೆ. ದೂರದ ಲೆಕ್ಕ ಹದಿನಾರು ಮುಟ್ಟಿದರೆ ಅದೇ ಗೊತ್ತಿಲ್ಲ, ಅದಕ್ಕೆ ಯಾರೂ ಒಂದನ್ನು ಸೇರಿಸುವಂತಿಲ್ಲ. ಯಾರ ಬಾಯಿಂದ ಕೇಳಿದೆಯೋ ಅವರಿಗೇ ಅದನ್ನು ತಿರುಗಿಸಿ ಹೇಳುವಂತಿಲ್ಲ. ಮೋಟಾರ್ ಮನೆಯೇ ಕೈಯಾರೆ ಒತ್ತಿದ ಮುದ್ರೆ ಇಲ್ಲದ ಸುದ್ದಿಯನ್ನು ಯಾವ ಡಬ್ಬಿಯೂ ನಂಬುವಂತಿಲ್ಲ, ಆ ಮುದ್ರೆಯ ನಂಬರು ಹಳೆಯದಾಗಿದ್ದರೂ ನಂಬುವಂತಿಲ್ಲ. ಬರೆಯುವಾಗ ಒಂದೊಂದು ಸಾಲಿಗೂ ನಮ್ಮ ಮನೆಯವರ ಮುಖಗಳೇ ಕಣ್ಣಿಗೆ ಬಂದವು. ಇದೆಲ್ಲ ದಾರಿ ಇದ್ದಾಗಿನ ಮಾತು, ದಾರಿ ಯಾರಿಗೂ ಗೊತ್ತಿಲ್ಲದಾಗ ಏನು ಮಾಡುವುದು ಎಂದು ಸುನಿಲ್‌ಕುಮಾರ್ ಅವರನ್ನು ಕೇಳಿದೆ. ಯಾಕೆ ಕೇಳುತ್ತಿದ್ದೇನೆ ಎಂದು ಹೇಳಿರಲಿಲ್ಲ. 'ಆಗ ಸಿಕ್ಕವರಿಗೆಲ್ಲ ಕೊಡ್ಬೇಕು ಮೇಡಂ. ಕೇಳಿದವರು ತಮಗೆ ಸಿಕ್ಕವರಿಗೆಲ್ಲ ಕೊಡ್ಬೇಕು. ಎರಡನೇ ಸಲ ಕೇಳಿದ್ರೆ ಸುಮ್ಮನಿರ್ಬೇಕು. ಬ್ಯಾಟರಿ ಹಾಳು, ಆದ್ರೆ ದಾರಿ ಅನ್ನೋದು ಒಂದಿದ್ರೆ ಮುಟ್ಟೇ ಮುಟ್ಟುತ್ತೆ' ಎಂದರು. ಅಲ್ಲಿಂದ ಎದ್ದು ಬಂದು ಈ ಕಾಗದ ಬರೆಯಲು ಕೂತೆ. ಇದನ್ನು ಜೆರಾಕ್ಸ್ ಮಾಡಿಸಿ, ಒಂದನ್ನು ನೀವು ಮೊದಲು ಇಳಿದುಕೊಂಡಿದ್ದ ಜೋಧಪುರದ ಹೋಟೆಲಿಗೆ, ಒಂದನ್ನು ಆ ಕಂಟ್ರ್ಯಾಕ್ಟರ್ ಹೆಸರಿಗೆ, ಒಂದನ್ನು ಸೇಲಂ ಹುಡುಗರ ಮನೆಗೆ ಹಾಕುತ್ತೇನೆ. ಉಳಿದವೆಲ್ಲ ಅಕ್ಕನ ಕೈಗೆ. ಹೊಸಕೋಟೆಯಿಂದ ತರಕಾರಿ ತುಂಬಿಕೊಂಡು ಉತ್ತರದ ಕಡೆ ಹೋಗುವ ಪ್ರತಿ ಲಾರಿಗೂ ಒಂದೊಂದು ಕೊಡುತ್ತೇನೆ ಎಂದು ನಿಮ್ಮಕ್ಕ ಫೋನಿನಲ್ಲಿ ಹೇಳಿದರು, ನಾಳೆಯಿಂದ ಮದ್ರಾಸ್ ರಸ್ತೆಯಲ್ಲೇ ನಿಲ್ಲುತ್ತಾರೆ. ಲಕೋಟೆಯ ಮೇಲೆ ಸುನಿಲ್‌ಕುಮಾರ್ ಹಿಂದಿಯಲ್ಲಿ ನಿಮ್ಮ ಹೆಸರು, ಚಹರೆ, ಲಾರಿಯ ನಂಬರು ಬರೆದುಕೊಡುತ್ತಾರೆ. ಎಷ್ಟೋ ಪ್ರತಿ ದಾರಿ ತಪ್ಪುತ್ತವೆ, ಗೊತ್ತು. ಒಂದು ಮುಟ್ಟಿದರೆ ಸಾಕು.

ದೀಪಾವಳಿಗೆ ಎಣ್ಣೆ ಹಚ್ಚುವ ಹೊತ್ತಿಗೆ ಬರುತ್ತೀರೆಂದು ನಾನು ಹೇಳುವುದಿಲ್ಲ, ಯಾರಿಗೂ ಹೇಳಲು ಬಿಡುವುದೂ ಇಲ್ಲ. ಅತ್ತೆಯ ಆಶೀರ್ವಾದ ನಿಮ್ಮ ತಲೆಯ ಮೇಲಿದೆ, ಅದನ್ನು ಅವರು ನಿನ್ನೆ ನನ್ನ ಎದುರಿಗೆ, ನಿಮಗೆ ಬರೆಯಲೆಂದು ಒಯ್ದಿದ್ದ ಈ ಹಾಳೆಯ ಮೇಲೆ ಕೈಯಿಟ್ಟು ಹೇಳಿದ್ದಾರೆ, ಮೂಲೆಯಲ್ಲಿರುವ ಸಗಣಿಯ ಕಲೆ ಅವರ ಬೆರಳಿನದು. ಅಕ್ಕ ನಿಮಗೆ ಹೇಳಿದ್ದು ಬರೀ ಬೈಗುಳ, ಅದನ್ನು ಬಂದ ಮೇಲೆ ಕೇಳಿಸಿಕೊಳ್ಳಿ. ದೊಡ್ಡಮುನಿಯಪ್ಪನವರು ಕೆರೆ ಕಡೆಯ ಸಾಲುಗಳನ್ನು ಕತ್ತರಿ ಹಾಕಿ ಸವರಿದ್ದಾರೆ, ಹೊಸ ಚಿಗುರು ಬರುತ್ತದಂತೆ.

ನಿಮ್ಮ ದಾರಿ ಕಾಯುತ್ತಿರುವ,
ಜ್ಯೋತಿಲಕ್ಷ್ಮಿ

ಮರೆತಿದ್ದೆ, ಜೆರಾಕ್ಸ್ ಅಂಗಡಿ ಮುಚ್ಚುತ್ತಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೊದಲು ಇದು ಕೈಗೆ ಬಂದ ಡ್ರೈವರಣ್ಣಂದಿರಿಗೆ. ಗಂಡ ಹೆಂಡಿರ ಕಾಗದ ಓದಿದ್ದಕ್ಕೆ ಸಂಕೋಚ ಬೇಡ, ಓದಿ, ಆ ಕಡೆ ಹೋಗುವ ಇನ್ನೊಬ್ಬರ ಕೈಗೆ ಕೊಡಿ. ಆದರೆ ಅವನು ಚೆನ್ನಾಗಿದ್ದಾನಂತೆ ಎಂದು ಮಾತ್ರ ದಯವಿಟ್ಟು ಹೇಳಿ ಕಳಿಸಬೇಡಿ. ಬಾವ, ನೀನೂ ಚೆನ್ನಾಗಿದ್ದೇನೆ ಎಂದು ಬರೆಯಬೇಡ. ನಿನ್ನ ಪರವಾಗಿ ಅದನ್ನು ಯಾರು ಬೇಕಾದರೂ ಹೇಳುತ್ತಾರೆ, ಇಷ್ಟು ದಿನ ನಾವೇ ಹೇಳಿಕೊಂಡು ಕೂತಿದ್ದೆವು. ಕದ ಹಾಕಿಕೊಂಡ ಮೇಲೆ ಮಾತ್ರ ನೀನು ನನ್ನನ್ನು ಒಂದು ಹೆಸರಿನಿಂದ ಕರೆಯುತ್ತೀಯಲ್ಲ, ಅತ್ತೆಗೂ ಅಕ್ಕನಿಗೂ ಗೊತ್ತಿಲ್ಲದ್ದು, ಒಂದು ಚೀಟಿಯಲ್ಲಿ ಆ ಹೆಸರನ್ನು ಬರೆದು ಕಳಿಸು, ಬೇರೇನೂ ಬೇಡ. ಕೈಗೆ ಪೆಟ್ಟಾಗಿದ್ದರೆ ಇನ್ನೊಬ್ಬರ ಕೈಯಲ್ಲಿ ಬರೆಸು, ಹಿಂದಿಯಲ್ಲಿದ್ದರೂ ಓದಿಸಿಕೊಳ್ಳುತ್ತೇನೆ. ಅದನ್ನು ನಾನು ಇಲ್ಲಿ ಬರೆದಿಲ್ಲ. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಇದನ್ನು ಓದಿ, ಪಾಪ ಹೆಣ್ಣುಮಗಳು ಎಂದು ಮರುಗಿ, ನಿನ್ನ ಬದಲು ತಾವೇ ಬರೆದು ಹಾಕಿಬಿಟ್ಟಾರು. ಅದು ಬರುವ ತನಕ ಯಾರು ಕೇಳಿದರೂ ಗೊತ್ತಿಲ್ಲ ಎಂದೇ ಹೇಳುತ್ತೇನೆ. ಬೇಗ ಕಳಿಸೋ.